ಬೆಳದಿಂಗಳ ಸದ್ದು ಹೇಗಿರುತ್ತದೆ?

ಒಂದು ಹಾಳೆ ಕಾಗದವನ್ನು ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಕೈಯಿಂದ ಕೈಗೆ ದಾಟಿಸಬೇಕು. ಎಲ್ಲೂ ಸದ್ದಾಗಬಾರದು. ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರಿ ಶೇಫರ್ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಅಭ್ಯಾಸಗಳಲ್ಲಿ ಇದೂ ಒಂದು. ಕೇಳುವುದಕ್ಕೆ ಸುಲಭ, ಮಾಡಲು ಹೋದರೆ ಕಷ್ಟ. ಬೆರಳು ತುಸು ಬಿಗಿಯಾದರೂ ಕಾಗದ ಪರಪರ ಎನ್ನುತ್ತದೆ. ಅದನ್ನು ತಡೆಯುವ ಎಚ್ಚರದಲ್ಲಿದ್ದಾಗಲೇ ಬಟ್ಟೆ ಉಜ್ಜುವ ಸದ್ದು, ಬೆಂಚಿನ ಕಿರುಗುಟ್ಟುವಿಕೆ, ಕಿಟಕಿಯಾಚೆ ಹಾದುಹೋಗುವ ವಾಹನ ಎಲ್ಲವೂ ಕಿವಿಗೆ ಬೀಳತೊಡಗುತ್ತವೆ. ಸ್ವರಲಿಪಿಯ ಮಾತೆತ್ತುವ ಮೊದಲು ಶೇಫರ್ ಕಿವಿಯನ್ನು ಚೊಕ್ಕಟ ಮಾಡುತ್ತಿದ್ದರು. 1967ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರೇ ‘ಇಯರ್ ಕ್ಲೀನಿಂಗ್’.

ಶೇಫರ್ 1933ರಲ್ಲಿ ಆಂಟೇರಿಯೊ ಪ್ರಾಂತದ ಸಾರ್ನಿಯಾದಲ್ಲಿ ಹುಟ್ಟಿದರು. ಎಳವೆಯಲ್ಲಿ ಅವರಿಗೆ ಚಿತ್ರಕಲಾವಿದನಾಗುವ ಆಸೆಯಿತ್ತು. ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಸಂಗೀತ ಓದಲು ಸೇರಿದರೂ ವ್ಯಾಸಂಗ ಅರ್ಧಕ್ಕೇ ನಿಂತಿತು. 1960ರ ದಶಕದಲ್ಲಿ ಅವರೇ ಕಲಿಸಲು ಶಾಲಾ ತರಗತಿಗಳಿಗೆ ಹೋಗತೊಡಗಿದರು. ಅಲ್ಲಿ ನಡೆದ ಮಾತುಕತೆ 1965ರಲ್ಲಿ ‘ದ ಕಂಪೋಸರ್ ಇನ್ ದ ಕ್ಲಾಸ್‌ರೂಮ್’ ಎಂಬ ಪುಸ್ತಕವಾಯಿತು. ನಿಮಗೆ ಯಾವ ಸಂಗೀತ ಇಷ್ಟ, ಯಾವುದು ಸೇರುವುದಿಲ್ಲ ಎಂದು ವಿಚಾರಿಸುತ್ತಲೇ, ಹಾಗಾದರೆ ಸಂಗೀತ ಎಂದರೇನು ಎಂಬ ಪ್ರಶ್ನೆಯ ಎದುರು ಅವರು ಮಕ್ಕಳನ್ನು ತಂದು ನಿಲ್ಲಿಸುತ್ತಾರೆ.

ಇನ್ನೊಂದು ಅಭ್ಯಾಸ: ಒಂದೇ ಒಂದು ಸ್ವರವನ್ನು ಇಟ್ಟುಕೊಂಡು ರಚನೆ ಮಾಡಬೇಕು. ರಾಗವಿಲ್ಲ, ಏರಿಳಿತವಿಲ್ಲ. ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಜೋರಾಗಿರಬೇಕು, ಎಲ್ಲಿ ತಡೆದು ಮೌನ ಬಿಡಬೇಕು ಎಂಬುದಷ್ಟೇ ಮಕ್ಕಳ ಕೈಯಲ್ಲಿರುತ್ತದೆ. ಕರ್ನಾಟಕ ಸಂಗೀತ ಕಲಿಯುವ ನಮ್ಮ ಮಗು, ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆ, ಜಂಟಿ, ಅಲಂಕಾರಗಳಿಂದ ಆರಂಭಿಸುತ್ತದೆ. ಸ್ವಂತ ಕಲ್ಪನಾಸ್ವರ ಹಾಡುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿರುತ್ತವೆ. ಆ ಸಾಧನೆಗೆ ಅದರದೇ ಬೆಲೆಯಿದೆ. ಶೇಫರ್ ದಾರಿ ಬೇರೆ: ಮೊದಲ ದಿನವೇ ‘ನೀನೇ ಏನಾದರೂ ಮಾಡು’ ಎನ್ನುವುದು.

ಈ ದಾರಿ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ 1968ರ ‘ಎಪಿಟಾಫ್ ಫಾರ್ ಮೂನ್‌ಲೈಟ್’ ಒಳ್ಳೆಯ ಸಾಕ್ಷಿ. ಏಳನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡಲಾಗಿತ್ತು. ನಿಮ್ಮದೇ ಒಂದು ಗುಟ್ಟಿನ ಭಾಷೆ ಇದೆಯೆಂದುಕೊಳ್ಳಿ, ಅದರಲ್ಲಿ ಬೆಳದಿಂಗಳಿಗೆ ಏನೆನ್ನುತ್ತೀರಿ? ಯಾವ ನಿಘಂಟಿನಲ್ಲೂ ಇಲ್ಲದ, ಆದರೆ ನಾಲಿಗೆಯ ಮೇಲೆ ತಣ್ಣಗೆ ಜಾರುವ ಪದಗಳನ್ನು ಮಕ್ಕಳು ಹುಟ್ಟಿಸಿದರು. ಶೇಫರ್ ಅವನ್ನೇ ಸಾಹಿತ್ಯವಾಗಿ ತೆಗೆದುಕೊಂಡು ಗಾಯಕವೃಂದಕ್ಕೆ ಕೃತಿ ಕಟ್ಟಿದರು. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಸಿದ್ಧನಾಗಿದ್ದ ಕಾಲ ಅದು. ಇನ್ನು ಮುಂದೆ ಬೆಳದಿಂಗಳು ಮೊದಲಿನಂತೆ ಉಳಿಯದೇನೋ ಎಂಬ ಅಳುಕಿಗೆ ಮಕ್ಕಳ ಪದಗಳೇ ಶೋಕಗೀತೆಯಾದವು.

ಈ ಕೃತಿಯ ಪ್ರತಿಯನ್ನು ನೋಡಿದರೆ ಚಿತ್ರಕಾರನಾಗಬೇಕೆಂದಿದ್ದ ಹುಡುಗ ಅಲ್ಲಿ ಕಾಣುತ್ತಾನೆ. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯ ಬದಲು ಅಲ್ಲಿ ರೇಖೆ, ಆಕಾರಗಳಿವೆ. ಕಾಲವನ್ನು ಸೆಕೆಂಡುಗಳಲ್ಲಿ ಅಳೆಯಲಾಗಿದೆ. ಸ್ವರಲಿಪಿ ಓದಲು ಬಾರದ ಮಕ್ಕಳೂ ನೋಡಿಕೊಂಡು ಹಾಡಬಹುದು. ಲಿಪಿ ಗೊತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸಬಾರದು ಎಂಬ ನಿಲುವು ಎಷ್ಟು ದೊಡ್ಡದು!

ಸಂಯೋಜಕರು ಶಾಲೆಗೆ ಹೋಗುವುದು ಶೇಫರ್ ಒಬ್ಬರಿಂದಲೇ ಶುರುವಾದದ್ದಲ್ಲ. ಅಮೆರಿಕದ ಫೋರ್ಡ್ ಪ್ರತಿಷ್ಠಾನ 1959ರಲ್ಲೇ ಯುವ ಸಂಯೋಜಕರನ್ನು ಸಾರ್ವಜನಿಕ ಶಾಲೆಗಳಿಗೆ ಕಳಿಸುವ ಯೋಜನೆ ಆರಂಭಿಸಿತ್ತು. ಆಗಿನ್ನೂ ಹೆಸರಾಗಿರದ ಫಿಲಿಪ್ ಗ್ಲಾಸ್ ಪಿಟ್ಸ್‌ಬರ್ಗ್‌ಗೆ ಹೋದದ್ದು ಹೀಗೆ. ಆದರೆ ಅಲ್ಲಿ ಬರೆಯುವವರು ಸಂಯೋಜಕರು, ನುಡಿಸುವವರು ಮಕ್ಕಳು. ಪೆನ್ಸಿಲು ಇನ್ನೂ ದೊಡ್ಡವರ ಕೈಯಲ್ಲೇ ಇತ್ತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಸೈರೆನ್‌ಸೆಸ್ಟರ್ ಗ್ರಾಮರ್ ಸ್ಕೂಲಿನಲ್ಲಿ ಸಂಗೀತ ವಿಭಾಗದ ಮುಖ್ಯಸ್ಥರಾದರು. ಹೊಸ ಸಂಗೀತದ ಸಂಯೋಜಕ ಶಾಲಾ ಮೇಷ್ಟರಾಗಿ 1962ರವರೆಗೂ ಅಲ್ಲಿದ್ದರು. 1960ರಲ್ಲಿ ‘ಓ ಮ್ಯಾಗ್ನಮ್ ಮಿಸ್ಟೀರಿಯಂ’ ಎಂಬ ಕೃತಿಯನ್ನು ಆ ಶಾಲೆಯ ಮಕ್ಕಳಿಗಾಗಿಯೇ ಬರೆದರು. ಮಕ್ಕಳದೆಂದು ಸಂಗೀತವನ್ನು ಸಪ್ಪೆ ಮಾಡಲಿಲ್ಲ. ಜೊತೆಗೆ ಮಕ್ಕಳೂ ಸ್ವಂತವಾಗಿ ರಚಿಸಬೇಕೆಂದು ಹುರಿದುಂಬಿಸಿದರು. ಮುಂದೆ ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಎಂಬ ಶಾಲಾ ಪರೀಕ್ಷೆ ಬಂದಾಗ, ಹಾಡುವುದು–ನುಡಿಸುವುದು, ಆಲಿಸುವುದು, ಇವೆರಡರ ಜೊತೆಗೆ ರಚಿಸುವುದೂ ಸಂಗೀತ ವಿಷಯದ ಅಂಗವಾಯಿತು. 1988ರಲ್ಲಿ ಮೊದಲ ತಂಡ ಆ ಪರೀಕ್ಷೆ ಬರೆಯಿತು.

ಮಕ್ಕಳು ಮನಸ್ಸಿಗೆ ಬಂದಂತೆ ಸದ್ದು ಮಾಡಿದರೆ ಅದು ಸಂಗೀತವಾಗುತ್ತದೆಯೇ ಎಂಬ ಆಕ್ಷೇಪ ಇದ್ದೇ ಇದೆ. ಸದ್ದು ಮಾಡಿದ್ದಕ್ಕೇ ಆಗುವುದಿಲ್ಲ, ನಿಜ. ಆದರೆ ಹತ್ತು ಸದ್ದು ಮಾಡಿ ನೋಡಿ, ಎಂಟನ್ನು ಬಿಟ್ಟು, ಉಳಿದ ಎರಡರಲ್ಲಿ ಯಾವುದು ಮೊದಲು ಬರಬೇಕೆಂದು ಗೆಳತಿಯೊಡನೆ ವಾದಕ್ಕಿಳಿದ ಹುಡುಗಿ ಸಂಯೋಜಕಿಯ ಕೆಲಸವನ್ನೇ ಮಾಡುತ್ತಿದ್ದಾಳೆ. ಇಂಥ ವಾದಕ್ಕೆ ಅವಕಾಶ ಕೊಡುವುದೇ ಶಾಲೆಗೆ ಬಂದ ಸಂಯೋಜಕರು ಮಾಡಬಹುದಾದ ದೊಡ್ಡ ಉಪಕಾರ. ತಾವು ಬರೆದದ್ದನ್ನೇ ಹೊಡೆದು ಹಾಕಿ ಮತ್ತೆ ಬರೆದು ಪಳಗಿದವರಿಗೆ ಮಗುವಿನ ಆ ಗೊಂದಲ ಪರಿಚಿತ. ಹೀಗಾಗಿ ‘ತಪ್ಪು’ ಎನ್ನಲು ಅವರು ಅವಸರಪಡುವುದಿಲ್ಲ.

ನ್ಯೂಯಾರ್ಕ್ ಫಿಲ್ಹಾರ್ಮಾನಿಕ್ ವಾದ್ಯವೃಂದದಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದ ಸಂಯೋಜಕ ಜಾನ್ ಡೀಕ್ 1995ರಲ್ಲಿ ಆರಂಭಿಸಿದ ‘ವೆರಿ ಯಂಗ್ ಕಂಪೋಸರ್ಸ್’ ಕಾರ್ಯಕ್ರಮದಲ್ಲಿ ಈ ಎಚ್ಚರ ಇನ್ನೂ ಸ್ಪಷ್ಟ. ಸೇರಲು ಸಂಗೀತ ಬರಬೇಕೆಂಬ ಷರತ್ತಿಲ್ಲ. ಮಗು ಗುನುಗಿದ್ದನ್ನು, ಬೆರಳಲ್ಲಿ ತಟ್ಟಿದ್ದನ್ನು, ಚಿತ್ರ ಬಿಡಿಸಿ ತೋರಿಸಿದ್ದನ್ನು ಪಕ್ಕದಲ್ಲಿ ಕುಳಿತ ಕಲಾವಿದರು ಸ್ವರಲಿಪಿಗೆ ಇಳಿಸುತ್ತಾರೆ. ಇಲ್ಲಿ ಪಿಟೀಲು ಇರಲೇ, ಕೊಳಲೇ ಎಂಬುದನ್ನೂ ಮಗುವನ್ನೇ ಕೇಳುತ್ತಾರೆ. ತಮಗೆ ಚೆನ್ನೆನಿಸಿದ ಸ್ವರವನ್ನು ಸೇರಿಸುವ ಹಕ್ಕು ಬರೆದುಕೊಳ್ಳುವವರಿಗಿಲ್ಲ. ಹಾಗೆ ಸಿದ್ಧವಾದ ರಚನೆಯನ್ನು ಫಿಲ್ಹಾರ್ಮಾನಿಕ್‌ನ ವಾದಕರೇ ನುಡಿಸುತ್ತಾರೆ.