ಎರಡು ಗೇಟುಗಳ ನಡುವೆ

ನೇರಳೆ ಮಾರ್ಗದ ಮೆಟ್ರೊದಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ. ಮೆಜೆಸ್ಟಿಕ್ ದಾಟಿ ವಿಧಾನಸೌಧದ ಕಡೆ ಹೊರಟ ಕೂಡಲೇ ಧ್ವನಿವರ್ಧಕ ಒಂದು ಉದ್ದನೆಯ ಹೆಸರು ಹೇಳುತ್ತದೆ: ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ಬಾಯಿತುಂಬ ಆ ಹೆಸರು ಹೇಳುವವರನ್ನು ನಾನಂತೂ ಕಂಡಿಲ್ಲ. 'ಸೆಂಟ್ರಲ್ ಕಾಲೇಜಲ್ಲಿ ಇಳ್ಕೊಳಿ' ಅಂದರೆ ಮುಗಿಯಿತು. ಆದರೆ ಈ ಎಂಜಿನಿಯರನ್ನೂ ಈ ಕಾಲೇಜನ್ನೂ ಒಂದೇ ಹಲಗೆಗೆ ಕಟ್ಟಿದವರು ತಿಳಿದೋ ತಿಳಿಯದೆಯೋ ಸರಿಯಾದ ಕೆಲಸ ಮಾಡಿದ್ದಾರೆ.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಗಾಥಿಕ್ ಶೈಲಿಯ ಹಳೆಯ ಕಟ್ಟಡ. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಮುದ್ದೇನಹಳ್ಳಿಯಿಂದ ಬಂದ ಹುಡುಗ ವಿಶ್ವೇಶ್ವರಯ್ಯ ಇಲ್ಲೇ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಪದವಿ ಕೊಟ್ಟದ್ದು ಮದ್ರಾಸ್ ವಿಶ್ವವಿದ್ಯಾಲಯ, ಮೈಸೂರು ಸಂಸ್ಥಾನಕ್ಕೆ ಆಗ ತನ್ನದೆಂಬ ವಿಶ್ವವಿದ್ಯಾಲಯ ಇರಲಿಲ್ಲ. ಎಂಜಿನಿಯರಿಂಗ್ ಕಾಲೇಜಂತೂ ಇರಲೇ ಇಲ್ಲ. ಅದಕ್ಕಾಗಿ ಅವನು ಪುಣೆಗೆ ಹೋಗಬೇಕಾಯಿತು. 36 ವರ್ಷ ಕಳೆದು, ದಿವಾನಗಿರಿಯಲ್ಲಿದ್ದಾಗ ಎಂಜಿನಿಯರಿಂಗ್ ಕಾಲೇಜು ಶುರುಮಾಡಿಸಿದ. ಇವತ್ತು ಅದು ನಿಂತಿರುವುದು ಅವನು ಓದಿದ ಕಾಲೇಜಿನಿಂದ ಹತ್ತು ಹನ್ನೆರಡು ನಿಮಿಷದ ನಡಿಗೆಯಲ್ಲಿ. ಆ ಹತ್ತು ನಿಮಿಷವನ್ನು ನಡೆದು ನೋಡೋಣವೆಂದೇ ನಾನು ಬಂದದ್ದು.

1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಸಂಸಾರ ಎರಡು ಊರಿನದು. ಕಚೇರಿಯೂ ಮಹಾರಾಜ ಕಾಲೇಜಿನ ಕಲಾ ವಿಭಾಗಗಳೂ ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನ ಈ ಸೆಂಟ್ರಲ್ ಕಾಲೇಜಿನಲ್ಲಿ. ಮರುವರ್ಷ ಎಂಜಿನಿಯರಿಂಗೂ ಬೆಂಗಳೂರಿಗೇ ಬಂತು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಹೊಸ ವಿಕಿರಣದ ಕುರಿತು ತಮ್ಮ ಹೆಸರಾಂತ ಭಾಷಣ ಮಾಡಿದ್ದೂ ಬೆಂಗಳೂರಿನಲ್ಲಿಯೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಸೆಂಟ್ರಲ್ ಕಾಲೇಜಿನ ಆವರಣ ಈಗ ಬೆಂಗಳೂರು ನಗರ ವಿಶ್ವವಿದ್ಯಾಲಯದ್ದು.

ಕೆ.ಆರ್. ಸರ್ಕಲ್ ಕಡೆ ಹೆಜ್ಜೆ ಹಾಕಿದೆ. ಸರ್ಕಲ್ ಹತ್ತಿರವಾದಂತೆ ಬೋರ್ಡುಗಳೆಲ್ಲ ಎಂಜಿನಿಯರುಗಳವೇ. ಲೋಕೋಪಯೋಗಿ ಇಲಾಖೆ, ಬೆಸ್ಕಾಂ, ಜವಳಿ ತಂತ್ರಜ್ಞಾನ ಕಲಿಸುವ ಎಸ್‌ಕೆಎಸ್‌ಜೆಟಿಐ. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಸಾದವನು ಒಂದು ರಸ್ತೆ ದಾಟಿದರೆ ಸರ್ಕಾರಿ ನೌಕರಿ, ನಿವೃತ್ತಿಯವರೆಗೂ ಅದೇ ಸರ್ಕಲ್ಲು ಎಂಬ ಹಳೇ ತಮಾಷೆ ಪೂರ್ತಿ ತಮಾಷೆಯೇನಲ್ಲ. ಇಷ್ಟೆಲ್ಲ ಎಂಜಿನಿಯರುಗಳು ಸುತ್ತುಗಟ್ಟಿ ಕೂತಿರುವ ಈ ವೃತ್ತದ ಅಂಡರ್‌ಪಾಸಿನಲ್ಲೇ 2023ರ ಮೇ ತಿಂಗಳ ಒಂದು ಮಳೆಗೆ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಜೀವ ಕಳೆದುಕೊಂಡಳು. ಅದರ ಪಕ್ಕದಲ್ಲಿ ಹಾಯುವಾಗ ಕಾಲು ತಾನಾಗಿ ಬಿರುಸಾಯಿತು.

ಯುವಿಸಿಇ, ಅಂದರೆ ಆ ಎಂಜಿನಿಯರಿಂಗ್ ಕಾಲೇಜಿನ ಗೇಟು. ಸೆಕ್ಯುರಿಟಿಯವರು 'ಯಾರನ್ನ ನೋಡ್ಬೇಕು ಸಾರ್?' ಅಂದರು. ಕಾಲೇಜನ್ನೇ ನೋಡಬೇಕು ಅಂದೆ. ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗೆ ಅಳೆದು ರಿಜಿಸ್ಟರ್ ಮುಂದಕ್ಕೆ ತಳ್ಳಿದರು.

ರೂರ್ಕಿ, ಪುಣೆ, ಗಿಂಡಿ, ಶಿಬಪುರಗಳ ನಂತರ ದೇಶದ ಐದನೆಯ ಎಂಜಿನಿಯರಿಂಗ್ ಕಾಲೇಜು ಎಂಬ ಹೆಮ್ಮೆ ಇದಕ್ಕೆ. ಶುರುವಿನಲ್ಲಿ ಇದ್ದದ್ದು ಸಿವಿಲ್ ಮತ್ತು ಮೆಕ್ಯಾನಿಕಲ್ ಎರಡೇ. ಆ ಕಾಲದ ಮೇಷ್ಟರುಗಳಲ್ಲಿ ಒಬ್ಬರು ಎಸ್.ವಿ. ಶೆಟ್ಟಿ. ಮೈಸೂರಿನವರು, ಇಂಗ್ಲೆಂಡಿನಲ್ಲಿ ಎ.ವಿ. ರೋ ಕಂಪನಿಯಲ್ಲಿ ದುಡಿದು, ವಿಮಾನ ಹಾರಿಸಲು ಕಲಿತು, ಏವ್ರೊ 500ರ ವಿನ್ಯಾಸಕ್ಕೆ ಕೈ ಜೋಡಿಸಿ ಬಂದವರು. ವಿಮಾನವೇ ಅಪರೂಪವಾಗಿದ್ದ ಊರಿನ ಹುಡುಗರಿಗೆ ಅಂಥವರು ಪಾಠ ಹೇಳುವಂತಾಯಿತಲ್ಲ ಅನ್ನುವಷ್ಟರಲ್ಲಿ, 1918ರ ಇನ್‌ಫ್ಲುಯೆಂಜಾ ಅವರನ್ನು ಕೊಂಡೊಯ್ದಿತು. ವಿಮಾನದ ಎಳೆ ಮಾತ್ರ ತುಂಡಾಗಲಿಲ್ಲ. ಮುಂದೆ ವೈಮಾಂತರಿಕ್ಷ ವಿಜ್ಞಾನಿಯಾದ ರೊದ್ದಂ ನರಸಿಂಹ 1953ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದು ಇಲ್ಲೇ.

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತೆ. ಕಟಿಂಗ್ ಆಯಿಲ್ಲು, ಕಬ್ಬಿಣದ ಪುಡಿ ಎರಡೂ ಬೆರೆತ ವಾಸನೆ. ಮೊದಲ ವರ್ಷದ ಹುಡುಗಿಯೊಬ್ಬಳು ವೈಸಿಗೆ ಸಿಕ್ಕಿಸಿದ ಉಕ್ಕಿನ ತುಂಡನ್ನು ಅರದಿಂದ ಉಜ್ಜುತ್ತಿದ್ದಳು. ಐದಾರು ಸಲ ಉಜ್ಜುವುದು, ಬಿಚ್ಚುವುದು, ಅದರ ಜೋಡಿ ತುಂಡಿಗೆ ಕೂಡಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ವೈಸಿಗೆ. 'ಬೆಳಕು ತೂರಬಾರ್ದು ಸರ್, ತೂರಿದ್ರೆ ಮಾರ್ಕ್ಸ್ ಹೋಗತ್ತೆ' ಅಂದಳು. ಯಾವ ಬ್ರಾಂಚು ಅಂತ ಕೇಳಿದೆ. ಕಂಪ್ಯೂಟರ್ ಸೈನ್ಸು. ಮುಂದೆ ಜೀವಮಾನದಲ್ಲಿ ಅರ ಮುಟ್ಟುತ್ತಾಳೋ ಇಲ್ಲವೋ, ಆದರೂ ಮೂರನೆಯ ಸಲ ಆ ತುಂಡನ್ನು ಬೆಳಕಿಗೆ ಹಿಡಿದಾಗ ಅವಳ ಒಂದು ಕಣ್ಣು ಮುಚ್ಚಿದ ಬಗೆ ನೋಡಬೇಕಿತ್ತು, ಥೇಟ್ ಅಕ್ಕಸಾಲಿಗಳದು.

ಈ ಕಾಲೇಜಿನ ನಿಜವಾದ ಗತ್ತು ನನಗೆ ಕಾಣುವುದು ಸಂಜೆಯ ತರಗತಿಗಳಲ್ಲಿ. ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದವರು ಶಿಫ್ಟು ಮುಗಿಸಿ, ಟಿಫನ್ ಕ್ಯಾರಿಯರ್ ಸಮೇತ ಬಂದು ಕೂತು ಬಿ.ಇ. ಮಾಡಿಕೊಂಡರು. ಹಗಲು ಮೋಟಾರು ಬಿಚ್ಚಿದವನಿಗೆ ರಾತ್ರಿ ಅದೇ ಮೋಟಾರಿನ ಸಮೀಕರಣ ಹೇಳಿಕೊಡುವಾಗ ಮೇಷ್ಟರು ಹುಷಾರಾಗಿರಬೇಕಾಗುತ್ತದೆ.

ಇನ್ನು ಆಡಳಿತದ ಕಥೆ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ಸೆಂಟ್ರಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಮೈಸೂರಿನ ಮಡಿಲಿಂದ ಅದರ ಮಡಿಲಿಗೆ ಬಂದವು. 'ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್' ಎಂಬ ಹೆಸರು ಬಂದದ್ದು ಆ ಮೇಲೆ. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಅದರತ್ತ ಹೋದರೂ ಇದು ಹೋಗಲಿಲ್ಲ, ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಉಳಿಯಿತು. 'ನಮ್ದು ವಿಟಿಯು ಅಲ್ಲ' ಅಂತ ಇಲ್ಲಿನವರು ಎಷ್ಟು ಸಲ ಹೇಳಿದರೂ ಸಂಬಂಧಿಕರಿಗೆ ಅರ್ಥವಾಗುವುದಿಲ್ಲ, ಎರಡರಲ್ಲೂ ವಿಶ್ವೇಶ್ವರಯ್ಯ ಇದ್ದಾರಲ್ಲ! 2021ರ ಕಾಯ್ದೆ ಇದನ್ನೇ ಸ್ವತಂತ್ರ ವಿಶ್ವವಿದ್ಯಾಲಯ ಮಾಡಿತು. ಐಐಟಿ ಮಾದರಿಯ ಆಡಳಿತ ಮಂಡಳಿ ಬಂತು, ಪ್ರಾಂಶುಪಾಲರ ಜಾಗಕ್ಕೆ ನಿರ್ದೇಶಕರು ಬಂದರು. ಕಾಲೇಜೆಂದು ಹೆಸರಿಟ್ಟುಕೊಂಡ ವಿಶ್ವವಿದ್ಯಾಲಯ, ಅದರ ಹೆಸರಿನೊಳಗೇ ಇನ್ನೊಂದು ಯೂನಿವರ್ಸಿಟಿ. ಮಾದರಿ ಬದಲಾದಷ್ಟು ಸಲೀಸಾಗಿ ಗೋಡೆ, ಲ್ಯಾಬು, ಖಾಲಿ ಹುದ್ದೆ ಬದಲಾಗುವುದಿಲ್ಲ ಎಂಬುದನ್ನು ಸರ್ಕಾರಿ ಸಂಸ್ಥೆಗಳಲ್ಲಿ ಓದಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕಾರಿಡಾರಿನ ನೋಟಿಸ್ ಬೋರ್ಡಿನ ಮುಂದೆ ನಿಂತು ವಿಭಾಗಗಳನ್ನು ಎಣಿಸಿದೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್. ಸಿವಿಲ್ ಎಲ್ಲಿ? ಅಲ್ಲೇ ನಿಂತಿದ್ದ ಹುಡುಗ ನಕ್ಕ. 'ಸಿವಿಲ್ಲು, ಆರ್ಕಿಟೆಕ್ಚರು ಎರಡೂ ಜ್ಞಾನಭಾರತಿಲಿ ಸರ್.' ಊರಾಚೆಗೆ ಮೈಸೂರು ರಸ್ತೆಯ ಆ ದೊಡ್ಡ ಕ್ಯಾಂಪಸ್ಸಿಗೆ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಹೋಗಿತ್ತು. ಅಣೆಕಟ್ಟು ಕಟ್ಟಿದವರ ಹೆಸರಿನ ಕಾಲೇಜು ಇಲ್ಲಿ, ಅಣೆಕಟ್ಟು ಕಟ್ಟುವುದನ್ನು ಕಲಿಸುವ ಕೋಣೆ ಅಲ್ಲಿ.

'ನೀನು?' ಅಂದೆ.

'ಸಿವಿಲ್ಲೇ ಸರ್. ಫ್ರೆಂಡ್ ನೋಡಕ್ಕೆ ಬಂದಿದ್ದೆ, ವಾಪಸ್ ಹೊರಟೆ.'

ಬಂದ ದಾರಿಯಲ್ಲೇ ಇಬ್ಬರೂ ಜೊತೆಯಾಗಿ ನಡೆದೆವು. ಅವನ ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು. ನಿಲ್ದಾಣದಲ್ಲಿ ಅವನು ಕೆಂಗೇರಿ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿದ, ನಾನು ಎದುರಿನದಕ್ಕೆ. ರೈಲು ಬಂದು ಬಾಗಿಲು ತೆರೆಯಿತು. ಧ್ವನಿವರ್ಧಕ ಆ ಉದ್ದನೆಯ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ, ಶೀಟು ಮಡಿಕೆಯಾಗದ ಹಾಗೆ ತಲೆಯ ಮೇಲಕ್ಕೆ ಎತ್ತಿ ಹಿಡಿದು ಅವನು ಒಳಗೆ ತೂರಿಕೊಂಡಿದ್ದ.