ಮಾತ್ರೆ ಸೋತಿತು, ಸೊಪ್ಪು ಉಳಿಯಿತು

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ಔಷಧಶಾಸ್ತ್ರಜ್ಞರ ಪ್ರಯೋಗಾಲಯವಿತ್ತು. ಮೊಲದ ಮಹಾಪಧಮನಿಯ ತುಂಡಿಗೆ ಅಸಿಟೈಲ್‌ಕೋಲಿನ್ ಹಾಕಿದರೆ ಅದು ಬಿಗಿಯುತ್ತದೆ ಎಂಬುದು ಅಲ್ಲಿ ವರ್ಷಗಟ್ಟಲೆ ಕಂಡಿದ್ದ ಸಂಗತಿ. 1978ರಲ್ಲಿ ಒಂದು ದಿನ ಅದೇ ರಾಸಾಯನಿಕಕ್ಕೆ ನಾಳ ಸಡಿಲಗೊಂಡಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ತೀರ ಸಣ್ಣ ವಿಷಯ. ತುಂಡನ್ನು ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋಗಿದ್ದರೆ ನಾಳ ಬಿಗಿಯುತ್ತಿತ್ತು, ಉಜ್ಜದೆ ಉಳಿದಿದ್ದರೆ ಸಡಿಲವಾಗುತ್ತಿತ್ತು.

ಎಂಡೋಥೀಲಿಯಂ ಎಂಬ ಆ ಒಳಪದರದ ದಪ್ಪ ಒಂದೇ ಒಂದು ಜೀವಕೋಶದಷ್ಟು. ಅಲ್ಲಿಯವರೆಗೆ ಅದನ್ನು ಕೊಳವೆಯ ಒಳಗಿನ ಲೇಪದಂತೆ ಕಂಡಿದ್ದವರೇ ಹೆಚ್ಚು. 1980ರಲ್ಲಿ ಫರ್ಚ್‌ಗಾಟ್ ಪ್ರಕಟಿಸಿದ ಸಂಶೋಧನೆ ಬೇರೆಯೇ ಕಥೆ ಹೇಳಿತು: ಆ ಪದರ ಯಾವುದೋ ಒಂದು ವಸ್ತುವನ್ನು ತಯಾರಿಸಿ, ಪಕ್ಕದ ಸ್ನಾಯುವಿಗೆ ಸಡಿಲಾಗಲು ಸೂಚಿಸುತ್ತದೆ. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಕೆಲ ವರ್ಷಗಳ ಬಳಿಕ ಖಚಿತವಾಯಿತು. ಮೋಟಾರು ಹೊಗೆಯಲ್ಲಿರುವ ಅನಿಲವೇ ದೇಹದೊಳಗೆ ರಕ್ತದ ಒತ್ತಡವನ್ನು ಹದದಲ್ಲಿಡುತ್ತದೆ! ಈ ಸರಣಿಯ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಅವರಿಗೆ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ.

ಆಹಾರದ ಆಂಟಿಆಕ್ಸಿಡೆಂಟ್‌ಗಳ ಚರ್ಚೆ ಶುರುವಾಗಬೇಕಾದ್ದು ಇಲ್ಲಿಂದ. ಏಕೆಂದರೆ ನೈಟ್ರಿಕ್ ಆಕ್ಸೈಡ್‌ನ ಆಯಸ್ಸು ಕೆಲವೇ ಸೆಕೆಂಡು, ಅದಕ್ಕೊಂದು ಶತ್ರುವೂ ಇದೆ. ಜೀವಕೋಶಗಳು ಆಮ್ಲಜನಕ ಬಳಸುವಾಗ ಸೂಪರ್‌ಆಕ್ಸೈಡ್ ಎಂಬ ಚುರುಕಿನ ಕಣ ಹುಟ್ಟುತ್ತದೆ. ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಲ್ಲಿ ಅದು ಹೆಚ್ಚು. ಅದು ನೈಟ್ರಿಕ್ ಆಕ್ಸೈಡ್‌ಗೆ ತಾಗಿದ ಕೂಡಲೇ ಅನಿಲ ಕೆಲಸಕ್ಕೆ ಬಾರದಂತಾಗುತ್ತದೆ, ಜೊತೆಗೆ ಪೆರಾಕ್ಸಿನೈಟ್ರೈಟ್ ಎಂಬ ಇನ್ನಷ್ಟು ಕೆಟ್ಟ ವಸ್ತು ಹುಟ್ಟುತ್ತದೆ. ನಾಳ ಬಿಗಿಯಾಗುತ್ತದೆ.

ಎರಡನೆಯ ಹಾನಿ ಕೊಲೆಸ್ಟರಾಲ್‌ನದು. ಹೆಚ್ಚಿದ ಬಾಳೆದಿಂಡು ಗಾಳಿಗೆ ಕಪ್ಪಾಗದಿರಲೆಂದು ಮಜ್ಜಿಗೆ ನೀರಿಗೆ ಹಾಕುತ್ತಾರಲ್ಲ, ಅಂಥದ್ದೇ ಆಕ್ಸಿಡೀಕರಣ ನಾಳದ ಗೋಡೆಯಲ್ಲಿ ಸಿಕ್ಕಿಕೊಂಡ, ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳಿಗೂ ಆಗುತ್ತದೆ. ಕೆಟ್ಟ ಆ ಕಣಗಳನ್ನು ಬಿಳಿ ರಕ್ತಕಣಗಳು ನುಂಗಿ ನುಂಗಿ ನೊರೆಯಂತೆ ಉಬ್ಬುತ್ತವೆ, ಅಲ್ಲೇ ಕೊಬ್ಬಿನ ಗಡ್ಡೆ ಬೆಳೆಯುತ್ತದೆ. ಆಸ್ಪತ್ರೆಯಲ್ಲಿ ‘ಬ್ಲಾಕ್’ ಎನ್ನುವುದು ಇದನ್ನೇ. ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಟ್ಟಿದ ವಾದವಿದು.

ಹಾಗಾದರೆ ಆಕ್ಸಿಡೀಕರಣ ತಡೆಯುವ ವಿಟಮಿನ್ ನುಂಗಿದರಾಯಿತಲ್ಲ? ಜಗತ್ತು ಹಾಗೇ ಯೋಚಿಸಿತು. ವಿಟಮಿನ್ ಇ ಸೇವಿಸುವವರಲ್ಲಿ ಹೃದ್ರೋಗ ಕಡಿಮೆ ಎಂದು ಅಮೆರಿಕದ ನರ್ಸ್‌ಗಳು ಮತ್ತು ವೈದ್ಯಕೀಯ ವೃತ್ತಿಯ ಗಂಡಸರ ಎರಡು ಸಮೀಕ್ಷೆಗಳು 1993ರಲ್ಲಿ ಹೇಳಿದ ಮೇಲಂತೂ ಆಸೆ ಗರಿಗೆದರಿತು. ಅಷ್ಟರಲ್ಲೇ, 1994ರಲ್ಲಿ, ಫಿನ್ಲೆಂಡ್‌ನಿಂದ ಕೆಟ್ಟ ಸುದ್ದಿ ಬಂತು. 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡ ಹೆಚ್ಚಾಗಿತ್ತು. 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸುಮಾರು ನಾಲ್ಕೂವರೆ ವರ್ಷ ವಿಟಮಿನ್ ಇ ಅಥವಾ ಹುಸಿ ಮಾತ್ರೆ ನುಂಗಿದರು. ಹೃದಯಾಘಾತದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2002ರಲ್ಲಿ ಬ್ರಿಟನ್ನಿನ 20,536 ಜನರ ಅಧ್ಯಯನ ವಿಟಮಿನ್ ಇ, ಸಿ, ಬೀಟಾ ಕೆರೋಟಿನ್ ಮೂರನ್ನೂ ಒಟ್ಟಿಗೆ ಐದು ವರ್ಷ ಕೊಟ್ಟು ನೋಡಿತು. ಲಾಭ ಸೊನ್ನೆ.

ಸೋಲಿಗೆ ಕಾರಣಗಳು ಹಲವು. ಮಾತ್ರೆ ಕೊಳ್ಳುವವರು ಮೊದಲೇ ಆರೋಗ್ಯದ ಕಾಳಜಿ ಇರುವವರು, ಹಳೆಯ ಸಮೀಕ್ಷೆಗಳಲ್ಲಿ ಆ ಕಾಳಜಿಯ ಫಲ ವಿಟಮಿನ್ನಿನ ಲೆಕ್ಕಕ್ಕೆ ಸೇರಿಹೋಗಿತ್ತು. ಸೂಪರ್‌ಆಕ್ಸೈಡ್ ವಿಟಮಿನ್ ಸಿ ಜೊತೆಗಿಂತ ನೈಟ್ರಿಕ್ ಆಕ್ಸೈಡ್ ಜೊತೆ ಸಾವಿರಾರು ಪಟ್ಟು ವೇಗವಾಗಿ ಸೇರುತ್ತದೆ. ಮಾತ್ರೆಯ ವಿಟಮಿನ್ ಆ ಓಟದಲ್ಲಿ ಹಿಂದೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು: ಈ ಚುರುಕಿನ ಕಣಗಳೆಲ್ಲ ಶತ್ರುಗಳಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಅವುಗಳಿಂದಲೇ. ಜರ್ಮನಿಯಲ್ಲಿ 2009ರ ಒಂದು ಪ್ರಯೋಗದಲ್ಲಿ, ವ್ಯಾಯಾಮ ಮಾಡುತ್ತ ವಿಟಮಿನ್ ಸಿ, ಇ ಮಾತ್ರೆ ನುಂಗಿದ ಯುವಕರಿಗೆ ವ್ಯಾಯಾಮದಿಂದ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಾಗಿದ್ದ ಲಾಭವೇ ಸಿಗಲಿಲ್ಲ.

ತರಕಾರಿ-ಹಣ್ಣಿನ ಮಾತು ಬೇರೆ. ಅವನ್ನು ಧಾರಾಳವಾಗಿ ತಿನ್ನುವವರ ರಕ್ತನಾಳ ಚೆನ್ನಾಗಿರುವುದು ಮತ್ತೆ ಮತ್ತೆ ಕಂಡಿದೆ. ಆದರೆ ಅದರ ಶ್ರೇಯವನ್ನೆಲ್ಲ ಆಂಟಿಆಕ್ಸಿಡೆಂಟ್‌ಗೆ ಕಟ್ಟುವುದು ಅವಸರದ ತೀರ್ಮಾನ. ಉತ್ತಮ ಉದಾಹರಣೆ ಬೀಟ್ರೂಟ್, ಪಾಲಕ್, ದಂಟು, ಹರಿವೆ. ಇವುಗಳಲ್ಲಿ ನೈಟ್ರೇಟ್ ಹೇರಳ. ತಿಂದ ನೈಟ್ರೇಟ್ ರಕ್ತ ಸೇರಿ, ಎಂಜಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ಪಡೆಯುತ್ತದೆ. ಎಂಡೋಥೀಲಿಯಂ ಸೊರಗಿದಾಗ ಇದೊಂದು ಹಿತ್ತಿಲ ದಾರಿ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ತಂಡ ರಕ್ತದೊತ್ತಡ ಇರುವವರಿಗೆ ದಿನಕ್ಕೆ 250 ಮಿಲಿಲೀಟರ್ ಬೀಟ್ರೂಟ್ ರಸ ನಾಲ್ಕು ವಾರ ಕೊಟ್ಟಾಗ ಮೇಲಿನ ಒತ್ತಡ ಸುಮಾರು 8 ಅಂಕ ಇಳಿಯಿತು. ತಮಾಷೆಯೆಂದರೆ, ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್‌ನಿಂದ ದಿನವೂ ಬಾಯಿ ಮುಕ್ಕಳಿಸಿದ ಆರೋಗ್ಯವಂತರಲ್ಲಿ ಒತ್ತಡ 2-3 ಅಂಕ ಏರಿದ್ದೂ ಉಂಟು.

ವಿಟಮಿನ್ ಸಿ ನಿರುಪಯೋಗಿ ಎಂದು ಯಾರೂ ಹೇಳುತ್ತಿಲ್ಲ. ನಾಳದ ಗೋಡೆಗೆ ಗಟ್ಟಿತನ ಕೊಡುವ ಕೊಲಾಜೆನ್ ಅದಿಲ್ಲದೆ ಸರಿಯಾಗಿ ಕಟ್ಟಿಕೊಳ್ಳದು. ಹಡಗಿನ ನಾವಿಕರಿಗೆ ಸ್ಕರ್ವಿ ಬಂದು ವಸಡಿನಿಂದ ರಕ್ತ ಒಸರುತ್ತಿದ್ದುದು ಅದಕ್ಕೇ. ಆದರೆ ಬೇಕಾದ ಪ್ರಮಾಣ ದೊಡ್ಡದಲ್ಲ: ಭಾರತೀಯ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ. ವಾರದ ಸಂತೆಯ ಹಣ್ಣು ಇರುವಾಗ ಸಾವಿರ ಮಿಲಿಗ್ರಾಂ ಮಾತ್ರೆಗೆ ಏನು ಕೆಲಸ?

ಚಹಾ, ಕೋಕೋ, ದ್ರಾಕ್ಷಿಗಳಲ್ಲಿರುವ ಪಾಲಿಫಿನಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳ ವಿಷಯ ಇನ್ನೂ ರಂಜಕ. ಬರ್ಲಿನ್ನಿನ ಚಾರಿಟೆ ಆಸ್ಪತ್ರೆಯ ತಂಡ 2007ರಲ್ಲಿ 16 ಮಹಿಳೆಯರ ತೋಳಿನ ರಕ್ತನಾಳ ಹಿಗ್ಗುವುದನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯಿತು. ಕಪ್ಪು ಚಹಾ ಕುಡಿದಾಗ ನಾಳ ಚೆನ್ನಾಗಿ ಹಿಗ್ಗಿತು, ಹಾಲು ಬೆರೆಸಿದಾಗ ಆ ಲಾಭ ಮಾಯವಾಯಿತು. ಹದಿನಾರೇ ಜನರ ಪ್ರಯೋಗ ನಂಬಿ ಹಾಲಿನ ಚಹಾ ಬಿಡಬೇಕಿಲ್ಲ ಬಿಡಿ. ಕೋಕೋ ಸಾರದ ಮೇಲೆ ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಕಾಸ್ಮಾಸ್ ಪ್ರಯೋಗ ನಡೆಯಿತು. 2022ರ ಫಲಿತಾಂಶದಲ್ಲಿ ಹೃದಯ-ರಕ್ತನಾಳದ ಒಟ್ಟು ಅವಘಡಗಳು ಖಚಿತವಾಗಿ ತಗ್ಗಲಿಲ್ಲ, ಆ ಕಾರಣದ ಸಾವುಗಳು ಮಾತ್ರ ಕಡಿಮೆಯಿದ್ದವು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ರಾಗಿಯ ಪಾಲಿಫಿನಾಲ್ ಬಹುಪಾಲು ಕಾಳಿನ ಹೊರಸಿಪ್ಪೆಯಲ್ಲಿದೆ ಎಂದು ತೋರಿಸಿದ್ದಾರೆ. ಹಿಟ್ಟನ್ನು ಬಟ್ಟೆಯಲ್ಲಿ ನುಣ್ಣಗೆ ಸೋಸಿದಷ್ಟೂ ಅದು ತೌಡಿನ ಪಾಲಾಗುತ್ತದೆ.

ಪ್ಯಾಕೆಟ್ಟಿನ ಮೇಲೆ ‘ಆಂಟಿಆಕ್ಸಿಡೆಂಟ್ ಶಕ್ತಿ’ಯ ಅಂಕೆ ಅಚ್ಚಾಗಿದ್ದರೆ ಅದಕ್ಕೆ ಮರುಳಾಗುವ ಅಗತ್ಯವಿಲ್ಲ. ಪರೀಕ್ಷಾನಳಿಕೆಯಲ್ಲಿ ಅಳೆದ ಆ ಅಂಕೆಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂತೆಗೆದುಕೊಂಡಿತು, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡಿಕೊಂಡವೆಂದು. ರಕ್ತ ತಿಳಿಗೊಳಿಸುವ ವಾರ್ಫರಿನ್ ಸೇವಿಸುವವರು ಮಾತ್ರ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಸುವ ಮುನ್ನ ವೈದ್ಯರನ್ನು ಕೇಳಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಔಷಧದ ಪ್ರಭಾವ ತಗ್ಗಿಸುತ್ತದೆ.

ಒಳ್ಳೆಯದನ್ನು ಸೇರಿಸುವ ಭರದಲ್ಲಿ ಕೆಟ್ಟದ್ದನ್ನು ಬಿಡುವ ಮಾತು ಮರೆತೇಹೋಗುತ್ತದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಆಕ್ಸಿಡೀಕರಣಗೊಂಡ ಕೊಬ್ಬು ತುಂಬಿರುತ್ತದೆ. ಅಂಥ ಎಣ್ಣೆ ತಿಂದ ಇಲಿಗಳ ರಕ್ತದೊತ್ತಡ ಏರಿ, ನಾಳ ಸಡಿಲಾಗುವ ಶಕ್ತಿ ಕುಗ್ಗಿದ್ದನ್ನು ಮಲೇಷ್ಯಾದ ಸಂಶೋಧಕರು ಕಂಡಿದ್ದಾರೆ. ಕರಿದ ಎಣ್ಣೆಯಲ್ಲಿ ‘ಒಟ್ಟು ಪೋಲಾರ್ ಸಂಯುಕ್ತ’ 25 ಶೇಕಡ ದಾಟಿದರೆ ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ದೇಶದಲ್ಲಿ ಜಾರಿಯಲ್ಲಿದೆ. ಅಳೆಯುವ ಮೀಟರ್ ಇಲ್ಲದ ಮನೆಯಲ್ಲೂ ಗುರುತು ಸಿಗುತ್ತದೆ: ಬಣ್ಣ ಕಪ್ಪಾಗಿ, ಅಂಟಂಟಾಗಿ, ನೊರೆ ಎದ್ದು, ಕಾಯುವ ಮೊದಲೇ ಹೊಗೆಯಾಡುವ ಎಣ್ಣೆಯಲ್ಲಿ ಮತ್ತೊಂದು ಒಬ್ಬೆ ಬಜ್ಜಿ ಕರಿಯಬಾರದು.