ಒಂದೇ ಫೋಲ್ಡರು, ಮೂರು ಪ್ರತಿ

ಅಕ್ಕ ಬೆಂಗಳೂರಿನಲ್ಲಿ, ತಮ್ಮ ದಾವಣಗೆರೆಯಲ್ಲಿ. ತಂಗಿಯ ಮದುವೆಗೆ ಯಾರ್ಯಾರನ್ನು ಕರೆಯಬೇಕೆಂಬ ಪಟ್ಟಿ ಇಬ್ಬರ ಕಂಪ್ಯೂಟರಿನಲ್ಲೂ ಒಂದೇ ಫೋಲ್ಡರಿನಲ್ಲಿದೆ. ಕ್ಲೌಡ್ ಎಂದ ಕೂಡಲೇ ಎಲ್ಲೋ ದೂರದಲ್ಲಿ ಇಟ್ಟ ಒಂದು ಪೆಟ್ಟಿಗೆ, ಎಲ್ಲರೂ ಅದರೊಳಗೇ ಕೈಹಾಕುತ್ತಾರೆ ಎನಿಸುತ್ತದೆ. ಹಾಗಲ್ಲ. ಡ್ರಾಪ್‌ಬಾಕ್ಸಿನಂಥ ವ್ಯವಸ್ಥೆಯಲ್ಲಿ ಅಕ್ಕನ ಬಳಿ ಒಂದು ಪ್ರತಿ, ತಮ್ಮನ ಬಳಿ ಒಂದು, ಸರ್ವರಿನಲ್ಲಿ ಮತ್ತೊಂದು. ಈ ಮೂರೂ ಒಂದೇ ಎಂಬಂತೆ ನಡೆದುಕೊಳ್ಳಬೇಕು, ಕಷ್ಟವೆಲ್ಲ ಅಲ್ಲೇ.

ಬದಲಾದದ್ದೇನೆಂದು ಮೊದಲು ತಿಳಿಯಬೇಕು. ಡ್ರಾಪ್‌ಬಾಕ್ಸ್ ಫೈಲನ್ನು 4 ಮೆಗಾಬೈಟಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಿಂದಲೂ 256 ಬಿಟ್‌ಗಳ ಒಂದು ಸಂಖ್ಯೆಯನ್ನು ಲೆಕ್ಕಹಾಕಿ ತೆಗೆಯುತ್ತದೆ. ಅದು ಆ ತುಂಡಿನ ಹೆಬ್ಬೆಟ್ಟಿನ ಗುರುತು. ಒಳಗೆ ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಸರ್ವರಿನಲ್ಲಿ ಇಲ್ಲದ ಗುರುತಿನ ತುಂಡುಗಳನ್ನಷ್ಟೇ ಕಳಿಸಿದರೆ ಸಾಕು. 100 ಮೆಗಾಬೈಟಿನ ಫೈಲಿನಲ್ಲಿ ಒಂದು ತುಂಡಿನೊಳಗಷ್ಟೇ ತಿದ್ದಿದ್ದರೆ, 25 ತುಂಡುಗಳಲ್ಲಿ ಒಂದೇ ಹೋಗುತ್ತದೆ.

ಆದರೆ ಫೈಲಿನ ಮೊದಲಲ್ಲೇ ಒಂದಕ್ಷರ ಸೇರಿಸಿದರೆ? ಸಾಲಿನ ತಲೆಗೆ ಒಬ್ಬ ಬಂದು ನಿಂತರೆ ಉಳಿದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯುವಂತೆ, ಪ್ರತಿ ತುಂಡಿನ ಅಂಚೂ ಸರಿದು ಎಲ್ಲ ಗುರುತುಗಳೂ ಕೆಡುತ್ತವೆ. ಇದಕ್ಕೆ 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ಆರ್‌ಸಿಂಕ್ ಎಂಬ ತಮ್ಮ ತಂತ್ರಾಂಶದಲ್ಲಿ ಕಂಡುಕೊಂಡ ಉಪಾಯ ನನಗೆ ಇವತ್ತಿಗೂ ಬೆರಗು. ಅಳತೆಯ ಚೌಕಟ್ಟೊಂದನ್ನು ಫೈಲಿನ ಮೇಲೆ ಒಂದೊಂದೇ ಬೈಟು ಮುಂದೆ ಜಾರಿಸುತ್ತ ಹೋಗುವುದು. ಪ್ರತಿ ಸಲವೂ ಲೆಕ್ಕವನ್ನು ಹೊಸದಾಗಿ ಮಾಡಬೇಕಿಲ್ಲ. ಹೊರಹೋದ ಬೈಟನ್ನು ಕಳೆದು, ಒಳಬಂದದ್ದನ್ನು ಕೂಡಿದರಾಯಿತು. ಈ ಹಗುರ ಲೆಕ್ಕ ಹಳೆಯ ತುಂಡಿನದಕ್ಕೆ ತಾಳೆಯಾದಾಗ ಮಾತ್ರ, ನಿಜವಾಗಿಯೂ ಅದೇ ತುಂಡೇ ಎಂದು ಗಟ್ಟಿ ಗುರುತಿನಿಂದ ಪರೀಕ್ಷೆ. ಸರಿದುಹೋದ ತುಂಡುಗಳೆಲ್ಲ ಹೀಗೆ ಮತ್ತೆ ಸಿಗುತ್ತವೆ.

ಇನ್ನು ತಮ್ಮನ ಮನೆಯಲ್ಲಿ ನೆಟ್ ಹೋಗಿದೆ ಎನ್ನೋಣ. ಅವನು ತನ್ನ ಪ್ರತಿಯಲ್ಲಿ ಸೋದರಮಾವನ ಕಡೆಯವರನ್ನು ಸೇರಿಸಿದ. ಅದೇ ಹೊತ್ತಿಗೆ ಅಕ್ಕ ಆಫೀಸಿನವರನ್ನು ಸೇರಿಸಿದಳು. ಕೊನೆಗೆ ಬರೆದವರದೇ ಉಳಿಯಲಿ ಎಂದರೆ ಒಂದು ಕಡೆಯವರಿಗೆ ಕರೆಯೋಲೆಯೇ ಹೋಗುವುದಿಲ್ಲ. ಗಡಿಯಾರ ಇಲ್ಲಿ ಉಪಯೋಗಕ್ಕೆ ಬಾರದು. ಕೇಳಬೇಕಾದದ್ದು ಬೇರೆ: ಎಷ್ಟನೆಯ ಆವೃತ್ತಿಯನ್ನು ನೋಡಿಕೊಂಡು ತಿದ್ದಿದಿರಿ? ಸರ್ವರಿನಲ್ಲಿ ಅಕ್ಕನ 7ನೆಯ ಆವೃತ್ತಿ ಬಂದು ಕೂತಿದೆ, ತಮ್ಮ 6ನೆಯದನ್ನು ಇಟ್ಟುಕೊಂಡು ತಿದ್ದಿದ್ದಾನೆ ಎಂದರೆ, ಇಬ್ಬರೂ ಒಬ್ಬರದನ್ನೊಬ್ಬರು ನೋಡಿಲ್ಲ. ಆಗ ಡ್ರಾಪ್‌ಬಾಕ್ಸ್ ಎರಡನ್ನೂ ಉಳಿಸಿ, ಒಂದರ ಹೆಸರಿಗೆ ಘರ್ಷಣೆಯ ಪ್ರತಿ ಎಂಬ ಗುರುತು ಅಂಟಿಸುತ್ತದೆ. ಅದನ್ನು ಕಸವೆಂದು ಅಳಿಸುವವರನ್ನು ಕಂಡಿದ್ದೇನೆ. ದಯವಿಟ್ಟು ತೆರೆದು ನೋಡಿ, ಅದರಲ್ಲಿ ಯಾರದೋ ಕೆಲಸವಿದೆ.

ಸಂಪರ್ಕವಿಲ್ಲದಾಗಲೂ ಕೆಲಸ ನಿಲ್ಲಬಾರದು, ಜಗಳವನ್ನು ಆಮೇಲೆ ಬಿಡಿಸೋಣ ಎಂಬ ಈ ಧೈರ್ಯಕ್ಕೆ ಹಿನ್ನೆಲೆಯಿದೆ. ಮದ್ರಾಸ್ ಐಐಟಿಯಲ್ಲಿ ಓದಿದ ಮಹಾದೇವ್ ಸತ್ಯನಾರಾಯಣನ್ ಅವರ ತಂಡ 1987ರಿಂದ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಕೋಡಾ ವ್ಯವಸ್ಥೆ ಇದನ್ನು ಮಾಡಿ ತೋರಿಸಿತು. ಒಂದೇ ಫೈಲನ್ನು ಇಬ್ಬರು ಏಕಕಾಲಕ್ಕೆ ತಿದ್ದುವುದು ಅಪರೂಪ ಎಂಬುದೇ ಅವರ ಆಧಾರ.

ಅಳಿಸುವುದು ಇನ್ನೂ ಸೂಕ್ಷ್ಮ. ತಿಂಗಳಿಡೀ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ತೆರೆದಾಗ ಅದರಲ್ಲಿ ಒಂದು ಹೆಚ್ಚಿನ ಫೈಲಿದೆ. ಹೊಸದೋ, ಉಳಿದವರು ಅಳಿಸಿದ ಹಳೆಯದೋ? ಫೈಲನ್ನು ನೋಡಿದರೆ ತಿಳಿಯದು. ಅದಕ್ಕೇ ಇಂಥದ್ದನ್ನು ಅಳಿಸಲಾಗಿದೆ ಎಂಬ ದಾಖಲೆಯನ್ನೂ ವ್ಯವಸ್ಥೆ ಇಟ್ಟುಕೊಳ್ಳುತ್ತದೆ, ಆ ಲ್ಯಾಪ್‌ಟಾಪಿನಿಂದಲೂ ಆ ಫೈಲನ್ನು ತೆಗೆಯುತ್ತದೆ. ತಮ್ಮ ಕೈತಪ್ಪಿ ಅಳಿಸಿದ ಪಟ್ಟಿಯೂ ಹಾಗೆಯೇ ಮೂರೂ ಕಡೆಯಿಂದ ಮಾಯವಾಗುತ್ತದೆ. ಸರ್ವರು ಕೆಲವು ದಿನ ಅದನ್ನು ಬದಿಗಿಟ್ಟಿರುತ್ತದೆ. ಆ ಗಡುವು ಮೀರಿದ ಮೇಲೂ ಉಳಿಯುವುದು, ಅಕ್ಕ ಬೇರೆಯಾಗಿ ಪೆನ್‌ಡ್ರೈವಿಗೆ ಹಾಕಿಟ್ಟ ಪ್ರತಿ ಮಾತ್ರ.